ಐಸಿಎಂಆರ್ ಕ್ಯಾನ್ಸರ್ ರಿಪೋರ್ಟ್ 2020, ಓದಿ ನೋಡಿದೆ - 4 ಸ್ಟಾರ್
ನಮ್ ಬೀದೀಲಿ ಎರಡು ವರ್ಷದಲ್ಲಿ ನಾಲ್ಕು ಮನೇಲಿ ಕ್ಯಾನ್ಸರ್, ಎಲ್ರೂ ಬೋರ್‌ವೆಲ್ ನೀರು ಅಂತಾರೆ, ಮೂಲೆಮನೆ ಅಜ್ಜಿ ಮಾತ್ರ ಮೊಬೈಲ್ ಟವರ್ ಕಡೆ ಕೈ ತೋರಿಸ್ತಾರೆ. ಸರಿ, ಸರ್ಕಾರದ ಲೆಕ್ಕ ಏನಿದೆ ನೋಡೇಬಿಡೋಣ ಅಂತ ಇದನ್ನ ಇಳಿಸ್ಕೊಂಡೆ, ಪೂರ್ತಿ ಫ್ರೀ, ತಯಾರಾಗಿದ್ದೂ ನಮ್ ಬೆಂಗಳೂರಲ್ಲಿರೋ ಐಸಿಎಂಆರ್‌ನದ್ದೇ ರೋಗ ಮಾಹಿತಿ ಕೇಂದ್ರ ಎನ್‌ಸಿಡಿಐಆರ್‌ನಲ್ಲೇ. 2012ರಿಂದ 2016ರ ಡೇಟಾ, ಊರೂರ ಕ್ಯಾನ್ಸರ್ ಲೆಕ್ಕ ಇಡೋ 28 ರಿಜಿಸ್ಟ್ರಿಗಳದ್ದು, ಅದ್ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆದು 1982ರಲ್ಲೇ ಶುರುವಾಗಿದ್ದು.

ನಂಗೆ ಇಷ್ಟ ಆಗಿದ್ದು ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ಲೆಕ್ಕ ಕೊಡೋದು, ಇಲ್ದಿದ್ರೆ ವಯಸ್ಸಾದವ್ರು ಜಾಸ್ತಿ ಇರೋ ಊರೆಲ್ಲಾ ಹಾಟ್‌ಸ್ಪಾಟ್ ಥರ ಕಾಣ್ಸುತ್ತೆ. ಗಂಡಸರಲ್ಲಿ ಎಲ್ರಿಗಿಂತ ಮೇಲಿರೋದು ಮಿಜೋರಾಂನ ಐಜ್ವಾಲ್ ಜಿಲ್ಲೆ, ವರ್ಷಕ್ಕೆ ಲಕ್ಷ ಗಂಡಸರಿಗೆ 269.4 ಹೊಸ ಕೇಸು. ನಾನು ಆ ಹೊಗೆ ನೋಡಿ ದಿಲ್ಲಿ ಅಂದ್ಕೊಂಡಿದ್ದೆ!

ಆದ್ರೆ ನಮ್ ಬೀದಿ ಪ್ರಶ್ನೆಗೆ ಉತ್ತರ ಇಲ್ಲಿ ಹುಡುಕ್ಬೇಡಿ, ಲೆಕ್ಕ ಇರೋದು ಇಡೀ ಊರಿಗೆ, ಕಾರ್ಖಾನೆ ಪಕ್ಕದ ಬಡಾವಣೇನೂ ಲಾಲ್‌ಬಾಗ್ ಪಕ್ಕದ್ದೂ ಒಂದೇ ನಂಬರಲ್ಲಿ ಕಲಸಿಹೋಗುತ್ತೆ. ನಮ್ಮಲ್ಲಿ ಒಬ್ರಿಗೆ ಬಾಯಿ, ಇಬ್ರಿಗೆ ಸ್ತನ, ಇನ್ನೊಬ್ರಿಗೆ ಹೊಟ್ಟೆದು, ಸಾಮಾನ್ಯವಾಗಿ ಕ್ಲಸ್ಟರ್, ಅಂದ್ರೆ ಒಂದೇ ಕಡೆ ಗುಂಪಾಗಿ ಬಂದಿದೆ ಅಂತ ಅನುಮಾನ ಪಡ್ಬೇಕಾದ್ರೆ ಒಂದೇ ಥರದ ಕ್ಯಾನ್ಸರ್ ನಿರೀಕ್ಷೆಗಿಂತ ಜಾಸ್ತಿ ಬರ್ಬೇಕು. ಇದನ್ನ ಅಜ್ಜಿಗೆ ಹೇಳ್ದೆ, ಅವ್ರು ಇನ್ನೂ ಟವರ್ರೇ ನೋಡ್ತಿದಾರೆ. ಮೊಬೈಲಲ್ಲಿ ಓದ್ಬೇಡಿ, ಟೇಬಲ್‌ಗಳು ದೊಡ್ಡವು.