ಊಟಿ ರೈಲಿನ ಬಗ್ಗೆ ಒಬ್ಬ ಹಳೇ ಮೆಕ್ಯಾನಿಕ್‌ನ ಮಾತು

ಮೊದಲೇ ಹೇಳಿಬಿಡುತ್ತೇನೆ. ಊಟಿಯಿಂದ ಕೂನೂರಿಗೆ ಒಂದು ಗಂಟೆ ರೈಲಿನಲ್ಲಿ ಹೋಗಿ, ಸೆಲ್ಫಿ ತೆಗೆದುಕೊಂಡು, "ಟಾಯ್ ಟ್ರೇನ್ ನೋಡಾಯ್ತು" ಅಂತ ವಾಪಸ್ ಬಂದವರು ಆ ರೈಲನ್ನು ಅರ್ಧ ಮಾತ್ರ ನೋಡಿದ್ದಾರೆ. ಹೋದ ವರ್ಷ ನಾನೂ ಅದನ್ನೇ ಮಾಡಿದ್ದೆ. ಅಲ್ಲಿ ಗಾಡಿ ಎಳೆಯುವುದು ಡೀಸೆಲ್ ಎಂಜಿನ್. ಚೆನ್ನಾಗೇ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಅಸಲಿ ಆಟ ಇರುವುದು ಕೆಳಗೆ, ಮೆಟ್ಟುಪಾಳ್ಯದಿಂದ ಕೂನೂರಿನ ತನಕ. ಸ್ಟೀಮ್ ಎಂಜಿನ್ ಇಡೀ ಗಾಡಿಯನ್ನು ಹಿಂದಿನಿಂದ ತಳ್ಳಿಕೊಂಡು ಬೆಟ್ಟ ಹತ್ತುವುದು ಅಲ್ಲೇ.

ಹೋದ ವರ್ಷ ಅರ್ಧಕ್ಕೇ ಸಮಾಧಾನ ಮಾಡಿಕೊಂಡದ್ದಕ್ಕೆ ಕಾರಣ ಒಬ್ಬ ಟಿಕೆಟ್ ಏಜೆಂಟ್. ಹೆಸರು ಬೇಡ ಬಿಡಿ. "ಕನ್ಫರ್ಮ್ ಆಗುತ್ತೆ ಸಾರ್, ನಂದು ಗ್ಯಾರಂಟಿ" ಅಂತ ಮೇಲೆ ಇನ್ನಷ್ಟು ದುಡ್ಡು ಇಸಕೊಂಡ. ಕೈಗೆ ಬಂದದ್ದು ವೇಟಿಂಗ್ ಲಿಸ್ಟ್. ಹೊರಡುವ ಹಿಂದಿನ ದಿನದವರೆಗೂ ಅದು ಕದಲಲಿಲ್ಲ. ಈ ಸಲ ಮೊಮ್ಮಗಳ ಕೈಗೆ ಫೋನ್ ಕೊಟ್ಟೆ. ಐಆರ್‌ಸಿಟಿಸಿಯಲ್ಲಿ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಬೆಳಿಗ್ಗೆ ತೆರೆದ ಹೊತ್ತಿಗೇ ಕೂತು ಮೂರು ಸೀಟು ಹಿಡಿದಳು. ಸೆಕೆಂಡ್ ಕ್ಲಾಸ್, ತಲೆಗೆ 300 ರೂಪಾಯಿಯ ಆಸುಪಾಸು. ಡಬ್ಬಿ ಕಮ್ಮಿ, ಸೀಟು ಕಮ್ಮಿ, ಹತ್ತಬೇಕು ಅನ್ನುವವರು ಜಾಸ್ತಿ. ಅದಕ್ಕೇ ಇಷ್ಟು ಪರದಾಟ.

ಮೈಸೂರಿನಿಂದ ಚಾಮರಾಜನಗರ, ದಿಂಬಂ ಘಾಟಿಯ 27 ತಿರುವು, ಸತ್ಯಮಂಗಲ, ಅಲ್ಲಿಂದ ಮೆಟ್ಟುಪಾಳ್ಯ. ಬಸ್ಸಿನಲ್ಲಿ ಸೊಂಟ ಹಿಡಿದುಕೊಂಡಿತು. ರಾತ್ರಿ ಅಲ್ಲೇ ಒಂದು ಲಾಡ್ಜಿನಲ್ಲಿ ಉಳಿದುಕೊಂಡೆವು. ಗಾಡಿ ಬೆಳಿಗ್ಗೆ 7.10ಕ್ಕೆ. ನಾವು ಆರೂವರೆಗೇ ಪ್ಲಾಟ್‌ಫಾರ್ಮಿನಲ್ಲಿದ್ದೆವು. "ರೀ, ನಿಮ್ಮ ಎಂಜಿನ್ ಎಲ್ಲೂ ಓಡಿಹೋಗಲ್ಲ, ಒಂದು ಲೋಟ ಕಾಫಿ ಕುಡಿಯೋಣ ಬನ್ನಿ" ಅಂತ ನನ್ನಾಕೆ ಎರಡು ಸಲ ಕರೆದಳು. ನಾನು ಹೋಗಲಿಲ್ಲ.

ಯಾಕೆ ಅಂದರೆ, ನಾನು ಬಸ್ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವನು. ಬಾನೆಟ್ ಎತ್ತಿದ ಗಾಡಿ ಎಲ್ಲೇ ಕಂಡರೂ ಕಾಲು ತಾನಾಗೇ ಆ ಕಡೆ ಹೋಗುತ್ತದೆ. ಈ ಎಂಜಿನ್‌ಗೆ ಬಾನೆಟ್ಟೇ ಇಲ್ಲ. ಕರುಳೆಲ್ಲ ಹೊರಗೇ ಇದೆ. ಇದನ್ನು ಎಕ್ಸ್ ಕ್ಲಾಸ್ ಅನ್ನುತ್ತಾರೆ. ಒಂದೊಂದು ಪಕ್ಕಕ್ಕೆ ಮೇಲೊಂದು ಕೆಳಗೊಂದು ಸಿಲಿಂಡರ್, ಒಟ್ಟು ನಾಲ್ಕು. ಸಮತಟ್ಟು ದಾರಿಯಲ್ಲಿ ಎರಡೇ ಕೆಲಸ ಮಾಡುತ್ತವೆ, ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಏರು ಶುರುವಾದಾಗ ಅಲ್ಲಿ ಬಳಸಿದ ಉಗಿಯನ್ನು ಆಚೆಗೆ ಬಿಡದೆ ಇನ್ನೆರಡು ಸಿಲಿಂಡರಿಗೆ ಹಾಯಿಸುತ್ತಾರೆ. ಅವು ಹೊಟ್ಟೆಯ ಕೆಳಗಿರುವ ಪಿನಿಯನ್‌ಗಳನ್ನು, ಅಂದರೆ ಹಲ್ಲಿನ ಚಕ್ರಗಳನ್ನು, ತಿರುಗಿಸುತ್ತವೆ. ಒಂದೇ ಉಗಿಗೆ ಎರಡು ಸಲ ದುಡಿತ. ನೂರು ವರ್ಷದ ಹಿಂದೆಯೇ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಕೂತು ಹೀಗೆ ಯೋಚಿಸಿದವರ ಕೈಗೆ ಒಂದು ನಮಸ್ಕಾರ ಹಾಕಬೇಕು ಅನ್ನಿಸಿತು.

ಮೆಟ್ಟುಪಾಳ್ಯದಿಂದ ಕಲ್ಲಾರ್‌ವರೆಗೆ ಸುಮಾರು 8 ಕಿಲೋಮೀಟರ್, ಅಡಿಕೆ ತೋಟಗಳ ನಡುವೆ ಸುಮ್ನೆ ಹೋಗುತ್ತದೆ. ಕಲ್ಲಾರ್ ದಾಟಿದ ಮೇಲೆ ಗಾಡಿ ಒಮ್ಮೆ ನಿಧಾನವಾಗಿ, ಕೆಳಗಿನಿಂದ 'ಕಟಕ್' ಅಂತ ಒಂದು ಸದ್ದು ಬರುತ್ತದೆ. ನಮ್ಮದು ಎಂಜಿನ್‌ಗೆ ಅಂಟಿಕೊಂಡ ಕೊನೆಯ ಡಬ್ಬಿ, ಹಾಗಾಗಿ ಕಾಲಿನಡಿ ಗೊತ್ತಾಯಿತು. ಎರಡು ಹಳಿಗಳ ಮಧ್ಯೆ ಹಲ್ಲಿರುವ ಜೋಡಿ ಪಟ್ಟಿ ಹಾಕಿದ್ದಾರೆ. ಪಿನಿಯನ್ ಅದನ್ನು ಕಚ್ಚಿಕೊಳ್ಳುವ ಸದ್ದು ಅದು. ಜೋಡಿ ಪಟ್ಟಿ ಯಾಕೆ ಗೊತ್ತಾ? ಒಂದರ ಹಲ್ಲಿರುವ ಕಡೆ ಇನ್ನೊಂದರಲ್ಲಿ ಸಂದು ಬರುವ ಹಾಗೆ ಕೂರಿಸಿದ್ದಾರೆ. ಯಾವ ಗಳಿಗೆಯಲ್ಲೂ ಹಿಡಿತ ಪೂರ್ತಿ ತಪ್ಪುವುದಿಲ್ಲ. ರೋಮನ್ ಆಬ್ಟ್ ಅನ್ನುವ ಸ್ವಿಸ್ ಎಂಜಿನಿಯರ್ ಕಂಡುಹಿಡಿದ ಉಪಾಯ.

ಈ ಏರು ಹೆಚ್ಚೆಂದರೆ 12 ಅಡಿಗೆ 1 ಅಡಿ. ಬಸ್ಸಿಗೆ ಇದು ಅಂಥ ದೊಡ್ಡದಲ್ಲ, ರಬ್ಬರ್ ಟೈರು ರಸ್ತೆಯನ್ನು ಹಿಡಿದುಕೊಳ್ಳುತ್ತದೆ. ರೈಲಿನದ್ದು ಕಬ್ಬಿಣದ ಮೇಲೆ ಕಬ್ಬಿಣ. ಹಲ್ಲಿಲ್ಲದಿದ್ದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಎಂಜಿನ್ ಹಿಂದೆ ಇರುವುದಕ್ಕೂ ಕಾರಣವಿದೆ. ಕೊಂಡಿ ಕಳಚಿದರೂ ಡಬ್ಬಿಗಳು ಕೆಳಗೆ ಜಾರಿ ಹೋಗಬಾರದು, ಅದಕ್ಕೆ. ಡ್ರೈವರ್‌ಗೆ ಮುಂದಿನ ದಾರಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಡಬ್ಬಿಗಳ ಮುಂದುಗಡೆ ಬ್ರೇಕ್‌ನವರು ಕೆಂಪು ಹಸಿರು ಬಾವುಟ ಹಿಡಿದು ನಿಂತಿರುತ್ತಾರೆ. ಪುಟ್ಟಿ ಅದನ್ನು ನೋಡಿ, "ತಾತ, ಇವರು ಇಡೀ ದಿನ ಹೀಗೇ ಹೊರಗೆ ನಿಂತಿರ್ತಾರಾ?" ಅಂತ ಕೇಳಿದಳು. ಹೌದು ಪುಟ್ಟಿ, ಮಳೆ ಇರಲಿ ಚಳಿ ಇರಲಿ.

ಒಟ್ಟು 46 ಕಿಲೋಮೀಟರಿಗೆ ಸುಮಾರು ಐದು ಗಂಟೆ. ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆಯ ದಾರಿ. 208 ತಿರುವು, 16 ಸುರಂಗ, 250 ಸೇತುವೆ ಅಂತ ಲೆಕ್ಕ ಹೇಳುತ್ತಾರೆ. ಪುಟ್ಟಿ ಸುರಂಗ ಎಣಿಸಲು ಶುರು ಮಾಡಿ ಒಂಬತ್ತಕ್ಕೆ ನಿದ್ದೆ ಹೋದಳು. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುತ್ತದೆ, ನಾವು ಟೀ ಕುಡಿಯುತ್ತೇವೆ, ಕೋತಿಗಳು ನಮ್ಮ ವಡೆ ತಿನ್ನುತ್ತವೆ. ಇಳಿಯುವಾಗ ಕೈಯಲ್ಲಿ ತಿಂಡಿ ಹಿಡಿಯಬೇಡಿ, ಅಷ್ಟೇ.

ಈಗ ಕೂನೂರು. ನನಗೆ ಈ ಪ್ರಯಾಣದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಬೇರೆಯವರು ಇಲ್ಲಿ ಚಾಕ್‌ಲೇಟ್ ಕೊಳ್ಳುತ್ತಾರೆ. ಇಲ್ಲಿ ಸ್ಟೀಮ್ ಎಂಜಿನ್ ಬಿಚ್ಚಿ ಡೀಸೆಲ್ ಹಾಕುತ್ತಾರೆ. ಸ್ಟೇಷನ್ ಪಕ್ಕದಲ್ಲೇ ಲೋಕೋ ಶೆಡ್. ಒಳಗೆ ಬಿಡುವುದಿಲ್ಲ, ಸರಿಯೇ. ಹೊರಗಿನಿಂದ ನೋಡುತ್ತಾ ನಿಂತೆ. ಆ ಎಣ್ಣೆ ವಾಸನೆ, ಬಿಸಿ ಕಬ್ಬಿಣದ ವಾಸನೆ ಮೂಗಿಗೆ ಬಡಿದ ತಕ್ಷಣ ಡಿಪೋದ ಪಿಟ್‌ನಲ್ಲಿ ನಿಂತಹಾಗಾಯಿತು. ಅವತ್ತು ನಾವು ಊಟಿಗೆ ಹೋಗಿಬಿಟ್ಟೆವು, ಆದರೆ ಮನಸ್ಸು ಇಲ್ಲೇ ಉಳಿಯಿತು. ಮಾರನೇ ದಿನ ಇವರಿಬ್ಬರನ್ನೂ ಬೊಟಾನಿಕಲ್ ಗಾರ್ಡನ್‌ನಲ್ಲಿ ಬಿಟ್ಟು ಒಬ್ಬನೇ ಲೋಕಲ್ ಗಾಡಿ ಹತ್ತಿ ಕೂನೂರಿಗೆ ಇಳಿದು ಬಂದೆ.

ಶೆಡ್ ಹತ್ತಿರದ ಟೀ ಅಂಗಡಿಯಲ್ಲಿ ಒಬ್ಬ ಫಿಟ್ಟರ್ ಸಿಕ್ಕರು. ಉಗುರಿನ ಸಂದಿನಲ್ಲಿ ಕಪ್ಪು ಗ್ರೀಸ್. ನಾನೂ ಮೆಕ್ಯಾನಿಕ್ ಅಂದ ಮೇಲೆ ಮಾತು ತಾನಾಗೇ ಬಂತು. ಅವರ ತಮಿಳು, ನನ್ನ ಕನ್ನಡ, ನಡುವೆ ಸ್ಪ್ಯಾನರ್, ಬುಷ್, ಪ್ಯಾಕಿಂಗ್, ವಾಲ್ವ್. ಇಷ್ಟು ಸಾಕಲ್ವಾ. ಈ ಎಂಜಿನ್‌ಗಳನ್ನು ಮೊದಲು ಮಾಡಿದ ಸ್ವಿಟ್ಜರ್ಲೆಂಡಿನ ಕಾರ್ಖಾನೆ ಈಗ ಆ ಹೆಸರಿನಲ್ಲಿಲ್ಲ. ಹೊಸ ಎಂಜಿನ್‌ಗಳನ್ನು ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪ್ ಮಾಡಿಕೊಟ್ಟಿದೆ. ಆದರೆ ದಿನಬೆಳಗಾದರೆ ಅವನ್ನು ಎಬ್ಬಿಸಿ ಬೆಟ್ಟ ಹತ್ತಿಸುವವರು ಇಲ್ಲಿನವರು. ಒಂದೊಂದು ಎಂಜಿನ್‌ಗೂ ಒಂದೊಂದು ಗುಣವಂತೆ. ಒಂದು ಚಳಿಗೆ ಮುನಿಸಿಕೊಳ್ಳುತ್ತದೆ, ಇನ್ನೊಂದಕ್ಕೆ ಬಾಯಾರಿಕೆ ಜಾಸ್ತಿ. ನಂಬಿದೆ. ನಮ್ಮ ಡಿಪೋದಲ್ಲೂ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಬಸ್ಸು ಒಂದೇ ಥರ ಇರುತ್ತಿರಲಿಲ್ಲ. ಯಾವ ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಅನ್ನುವುದು ಪುಸ್ತಕದಲ್ಲಿ ಒಂದು ಥರ ಇರುತ್ತದೆ, ಮೇಸ್ತ್ರಿ ಕೈಯಲ್ಲಿ ಇನ್ನೊಂದು ಥರ.

ಸುಮ್ನೆ ಕೆಣಕೋಣ ಅಂತ ಕೇಳಿದೆ: "ಈ ಎಂಜಿನ್ ಬೇರೆ ಕಡೆ ತಗೊಂಡು ಹೋಗಿ ಓಡಿಸಬಹುದಾ?" ಅವರು ಲೋಟ ಕೆಳಗಿಟ್ಟು ನಕ್ಕರು. "ಬೇರೆ ಎಲ್ಲಿ ಹಲ್ಲಿದೆ ಸಾರ್?"

ನಿಜ. ಇಡೀ ದೇಶದಲ್ಲಿ ಹಲ್ಲುಪಟ್ಟಿಯ ರೈಲು ಇರುವುದು ಇದೊಂದೇ. ಈ ಬೆಟ್ಟ ಬಿಟ್ಟರೆ ಅದರ ಪಿನಿಯನ್‌ಗೆ ಕಚ್ಚಲು ಏನೂ ಇಲ್ಲ. ಬೇರೆ ಎಲ್ಲಿಗೆ ಒಯ್ದರೂ ಅದು ಬಣ್ಣ ಹೊಡೆದ ಕಬ್ಬಿಣ. ನಮ್ಮ ಮೈಸೂರಿನ ರೈಲ್ ಮ್ಯೂಸಿಯಂ ನೋಡಿ. 1979ರಿಂದ ಇದೆ, ಒಳ್ಳೆಯ ಜಾಗ, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು. ನಾನು ಚಿಕ್ಕವನಿದ್ದಾಗ ಮೀಟರ್ ಗೇಜ್ ಗಾಡಿಯಲ್ಲಿ ಬೆಂಗಳೂರಿಗೆ ಹೋಗುತ್ತಿದ್ದೆ, ಕಣ್ಣಿಗೆ ಕಿಡಿ ಬಿದ್ದು ಅಳುತ್ತಿದ್ದೆ. ಅಂಥ ಎಂಜಿನ್‌ಗಳನ್ನು ಅಲ್ಲಿ ಮುಟ್ಟಿ ನೋಡಿದರೆ ತಣ್ಣಗಿರುತ್ತವೆ. ಅಷ್ಟೇ ಹೇಳುವುದು.

1891ರಲ್ಲಿ ಈ ದಾರಿಯ ಕೆಲಸ ಶುರು ಮಾಡಿದ ಮೊದಲ ಕಂಪನಿ ದಿವಾಳಿ ಎದ್ದುಹೋಯಿತಂತೆ. ಇನ್ನೊಂದು ಕಂಪನಿ ಬಂದು 1899ರಲ್ಲಿ ಕೂನೂರಿನವರೆಗೆ ಗಾಡಿ ಓಡಿತು. ಊಟಿ ಮುಟ್ಟಿದ್ದು 1908ರಲ್ಲಿ. ಅಂದರೆ ಹುಟ್ಟಿದಾಗಿನಿಂದಲೂ ಇದು ಲಾಭದ ಕೂಸಲ್ಲ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 1999ರಲ್ಲೇ ಸೇರಿದ್ದ ಡಾರ್ಜಿಲಿಂಗ್ ರೈಲಿನ ಜೊತೆಗೆ. 2021ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ತಿಗಳಿಂದ ಹಣ ಎತ್ತುವ ಪಟ್ಟಿ ಮಾಡಿದಾಗ ಅದರಲ್ಲಿ ಬೆಟ್ಟದ ರೈಲುಗಳೂ ಇದ್ದವು. ಖಾಸಗಿಯವರು ಬಂದರೆ ಸೀಟು ಮೆತ್ತಗಾಗಬಹುದು, ಕಕ್ಕಸು ಚೊಕ್ಕಟವಾಗಬಹುದು, ಒಪ್ಪುತ್ತೇನೆ. ದುಡ್ಡಿದ್ದವರಿಗೆ ಒಂದು ಡಬ್ಬಿ ಬೇರೆ ಇಡಲಿ, ನನ್ನ ತಕರಾರಿಲ್ಲ. ಆದರೆ ಶೆಡ್ಡಿನ ಜನರನ್ನು ಗುತ್ತಿಗೆಗೆ ಕೊಟ್ಟು, ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ತಂದು ನಿಲ್ಲಿಸಿದರೆ ಆ ಎಂಜಿನ್ ಎರಡು ಮಳೆಗಾಲ ತಡೆಯಲ್ಲ. ಡಿಪೋದಲ್ಲಿ ಇಂಥದ್ದನ್ನು ಕಣ್ಣಾರೆ ಕಂಡವನು ನಾನು.

ಇನ್ನೊಂದು ಮಾತು, ಮೇಲಿನ ಅರ್ಧದ ಬಗ್ಗೆ. ಕೂನೂರು–ಊಟಿ ಲೋಕಲ್‌ನಲ್ಲಿ ನಾನು ಒಬ್ಬನೇ ಹೋದೆನಲ್ಲ, ರಿಸರ್ವೇಶನ್ ಇಲ್ಲದ ಡಬ್ಬಿ ಹತ್ತಿದ್ದೆ. ಲವ್‌ಡೇಲ್, ಕೇತ್ತಿ, ಅರುವಂಕಾಡು, ವೆಲ್ಲಿಂಗ್ಟನ್. ಅರುವಂಕಾಡಿನಲ್ಲಿ ಬ್ರಿಟಿಷರ ಕಾಲದ ಮದ್ದುಗುಂಡಿನ ಕಾರ್ಖಾನೆ ಇದೆ, ವೆಲ್ಲಿಂಗ್ಟನ್ ಸೈನ್ಯದ ಊರು. ಟೂರಿಸ್ಟ್‌ಗಳು ಕಿಟಕಿಯಿಂದ ಕೈ ಹೊರಗೆ ಹಾಕಿ ವಿಡಿಯೋ ಮಾಡುತ್ತಿದ್ದರು. ನನ್ನ ಎದುರಿಗೆ ಕೇತ್ತಿಯಲ್ಲಿ ಹತ್ತಿದ ಒಬ್ಬ ಅಜ್ಜಿ, ಬಿಳಿ ಬಟ್ಟೆ ಉಟ್ಟವರು, ಕಾಲ ಬಳಿ ಕ್ಯಾರೆಟ್ ಚೀಲ. ಪಕ್ಕದವಳ ಜೊತೆ ಬಡಗ ಭಾಷೆಯಲ್ಲಿ ಮಾತು. ಕಿವಿಗೊಟ್ಟು ಕೇಳಿದರೆ ಅರ್ಧಕ್ಕರ್ಧ ಅರ್ಥವಾಯಿತು. ಬಡಗ ಅಂದರೆ ಬಡಗಣದವರು, ಉತ್ತರದಿಂದ ಬಂದವರು. ಅವರ ಉತ್ತರ ಅಂದರೆ ನಮ್ಮ ಮೈಸೂರು ಸೀಮೆ. "ಅಜ್ಜಿ, ಎಲ್ಲಿಗೆ ಹೊರಟಿದ್ದೀರಿ?" ಅಂದೆ, ಕನ್ನಡದಲ್ಲೇ. ಕೂನೂರಿನಲ್ಲಿರುವ ಮಗಳ ಮನೆಗೆ ಅಂತ ತಿಳಿಯಿತು. ಬಸ್ಸಿಗೆ ಹೋದರೆ ಇವರಿಗೆ ತಲೆ ಸುತ್ತುತ್ತದಂತೆ.

ಆ ಅಜ್ಜಿಗೆ ಇದು ಪಾರಂಪರಿಕ ರೈಲೂ ಅಲ್ಲ, ಟಾಯ್ ಟ್ರೇನೂ ಅಲ್ಲ. ಮಗಳ ಮನೆಗೆ ಹೋಗುವ ಗಾಡಿ. ಟೂರಿಸ್ಟ್‌ಗಳಿಗೆ ಅಂತಲೇ ದರ ಏರಿಸಿಕೊಂಡು ಹೋದರೆ ಮೊದಲು ಇಳಿದುಹೋಗುವವರು ಇವರೇ. ಆ ಕ್ಯಾರೆಟ್ ಚೀಲ ಇಲ್ಲದ ಡಬ್ಬಿಗೆ ನಾನು ಇಷ್ಟು ದೂರದಿಂದ ಯಾಕೆ ಬರಲಿ?

ಕೊರತೆಗಳನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಬಂದವರು ನನ್ನನ್ನು ಬೈದುಕೊಳ್ಳುತ್ತಾರೆ. ಸೀಟು ಇಕ್ಕಟ್ಟು. ಎದುರುಬದುರು ಕೂತರೆ ಮಂಡಿಗೆ ಮಂಡಿ ತಾಗುತ್ತದೆ. ಮಂಡಿ ನೋವಿನವರು ಹಿಲ್‌ಗ್ರೋವ್‌ನಲ್ಲಿ ಇಳಿದು ಓಡಾಡಲೇಬೇಕು. ದೊಡ್ಡ ಪೆಟ್ಟಿಗೆ ತರಬೇಡಿ, ಇಡಲು ಜಾಗವಿಲ್ಲ. ಎಂಜಿನ್ ಪಕ್ಕದ ಡಬ್ಬಿಯಾದರೆ ಸುರಂಗದಲ್ಲಿ ಹೊಗೆ ಒಳಗೇ ಬರುತ್ತದೆ. ನನಗೆ ಹಬ್ಬ, ನನ್ನಾಕೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದಳು. ಮುಂದಿನ ಡಬ್ಬಿಯವರಿಗೆ ಹೊಗೆ ಕಮ್ಮಿ, ನೋಟ ಜಾಸ್ತಿ. ಮಳೆಗಾಲದಲ್ಲಿ, ಅದರಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹೋಗುವವರು ಇನ್ನೊಂದು ದಾರಿ ಯೋಚಿಸಿಟ್ಟುಕೊಂಡೇ ಹೊರಡಿ. ಗುಡ್ಡ ಕುಸಿದು ಹಳಿ ಮೇಲೆ ಮಣ್ಣು ಬಿದ್ದರೆ ಗಾಡಿ ದಿನಗಟ್ಟಲೆ ನಿಲ್ಲುತ್ತದೆ. ನಾವು ಹೋದದ್ದು ಫೆಬ್ರವರಿಯಲ್ಲಿ. ಬಿಸಿಲು ಚೆನ್ನಾಗಿತ್ತು, ಊಟಿ ತಲುಪಿದಾಗ ಸ್ವೆಟರ್ ಬೇಕಾಯಿತು. ಊಟಿಯಿಂದ ಮೈಸೂರಿಗೆ ಬಂಡೀಪುರದ ಮೇಲೆ ವಾಪಸಾಗುವವರು ನೆನಪಿಡಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆಗೆ ಗೇಟು ಹಾಕುತ್ತಾರೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ನನ್ನ ಮಂಡಿ.

ಪುಟ್ಟಿಯ ಹಳದಿ ಫ್ರಾಕಿನ ಕಾಲರ್ ಮೇಲೆ ಬಿದ್ದ ಮಸಿ ಎರಡು ಸಲ ಒಗೆದರೂ ಹೋಗಿಲ್ಲ ಅಂತ ಮಗಳು ಫೋನಿನಲ್ಲಿ ಬೈದಳು. ಮುಂದಿನ ಜನವರಿಗೆ ಮತ್ತೆ ಬುಕ್ ಮಾಡುವುದಿದೆ. ಈ ಸಲ ಮಧ್ಯಾಹ್ನ ಎರಡಕ್ಕೆ ಊಟಿಯಿಂದ ಇಳಿಯುವ ಗಾಡಿಗೆ. ಹತ್ತುವುದನ್ನು ನೋಡಾಯಿತು. ಅಷ್ಟು ಭಾರವನ್ನು ಆ ಇಳಿಜಾರಿನಲ್ಲಿ ಹಿಡಿದುಕೊಂಡು ಇಳಿಸುವಾಗ ಬ್ರೇಕ್‌ನವರ ಕೈ ಹೇಗೆ ಆಡುತ್ತದೆ ಅಂತ ನೋಡಬೇಕು. ಪುಟ್ಟಿಗೆ ಈ ಸಲ ಕಪ್ಪು ಬಟ್ಟೆ.