ಬ್ಲಾಗರ್‌ನ ಉಚಿತ ಥೀಮ್‌ಗಳು: ಒತ್ತಕ್ಷರಕ್ಕೆ ಜಾಗ ಬಿಡದ ವಿನ್ಯಾಸ

ಕೈಯಿಂದ ದುಡ್ಡು ಹಾಕದೆ ಕನ್ನಡದಲ್ಲಿ ಬ್ಲಾಗ್ ಬರೆಯಬೇಕು ಅನ್ನುವವರಿಗೆ ಇವತ್ತಿಗೂ ಸಲೀಸಾದ ಜಾಗ ಗೂಗಲ್‌ನ ಬ್ಲಾಗರ್. 1999ರಲ್ಲಿ ಪೈರಾ ಲ್ಯಾಬ್ಸ್ ಶುರು ಮಾಡಿದ ಈ ಸೇವೆಯನ್ನು ಗೂಗಲ್ 2003ರಲ್ಲಿ ಕೊಂಡುಕೊಂಡಿತು. ಹೋಸ್ಟಿಂಗ್ ಬಾಡಿಗೆ ಇಲ್ಲ, ನಾವಾಗಿ ಹಾಕಿಕೊಳ್ಳದ ಹೊರತು ಜಾಹೀರಾತಿಲ್ಲ, ಥೀಮಿನ (ಪುಟದ ಸಿದ್ಧ ವಿನ್ಯಾಸದ) ಎಚ್‌ಟಿಎಂಎಲ್ ಪೂರ್ತಿ ತೆರೆದು ತಿದ್ದಲು ಅಡ್ಡಿಯಿಲ್ಲ. ಸೇವೆಯ ಬಗ್ಗೆ ದೊಡ್ಡ ತಕರಾರೇನಿಲ್ಲ. ತಕರಾರಿರುವುದು ಜೊತೆಗೆ ಬರುವ ಥೀಮ್‌ಗಳ ಬಗ್ಗೆ. ಅವೆಲ್ಲ ಇಂಗ್ಲಿಷ್ ಅಕ್ಷರದ ಮೈಯಳತೆಗೆ ಹೊಲಿದ ಅಂಗಿಗಳು. ಕನ್ನಡಕ್ಕೆ ತೊಡಿಸಿದರೆ ಬಿಗಿಯುವುದು ಎಲ್ಲಿ, ಅದನ್ನು ಸಡಿಲಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಚಾರ.

ಹಳೆಯ ಕನ್ನಡ ಬ್ಲಾಗುಗಳಲ್ಲಿ ಹೆಚ್ಚಾಗಿ ಕಾಣುವ 'ಸಿಂಪಲ್' ಥೀಮನ್ನೇ ತೆಗೆದುಕೊಳ್ಳಿ. ಅದರ ಮೂಲ ಫಾಂಟ್ ಏರಿಯಲ್, ಗಾತ್ರ 12 ಪಿಕ್ಸೆಲ್. ಪೋಸ್ಟಿನ ಒಳಗೆ ಅದು 110% ಆಗುತ್ತದೆ, ಅಂದರೆ 13.2 ಪಿಕ್ಸೆಲ್. ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಗಾತ್ರದ 1.4 ಪಟ್ಟು. ಲೆಕ್ಕ ಹಾಕಿದರೆ ಒಂದು ಸಾಲಿಗೆ ಸಿಗುವ ಎತ್ತರ ಹದಿನೆಂಟೂವರೆ ಪಿಕ್ಸೆಲ್. ಇಂಗ್ಲಿಷಿಗೆ ಇದು ಸಣ್ಣದಾದರೂ ಓದಬಹುದಾದ ಅಳತೆ. ಕನ್ನಡದಲ್ಲಿ ಅಕ್ಷರದ ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಜ್ಯೋತ್ಸ್ನಾ' ಎಂಬ ಪದದ ಕೆಳಗೆ 'ಕೀರ್ತಿ' ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದುಗರಿಗೆ ತಪ್ಪೇನೆಂದು ಗೊತ್ತಾಗುವುದಿಲ್ಲ, ಕಣ್ಣು ಸೋತು ಎರಡನೇ ಪ್ಯಾರಾದಲ್ಲೇ ಎದ್ದು ಹೋಗುತ್ತಾರೆ.

ಆದ್ದರಿಂದ ಮೊದಲ ರಿಪೇರಿ ಇದೇ. ಥೀಮ್ ಪುಟಕ್ಕೆ ಹೋಗಿ, 'ಕಸ್ಟಮೈಸ್' ಗುಂಡಿಯ ಪಕ್ಕದ ಬಾಣ ಒತ್ತಿ 'ಬ್ಯಾಕಪ್' ತೆಗೆದುಕೊಳ್ಳಿ. ಒಂದು ಎಕ್ಸ್‌ಎಂಎಲ್ ಕಡತ ಇಳಿಯುತ್ತದೆ. ಏನಾದರೂ ಕೆಟ್ಟರೆ 'ರಿಸ್ಟೋರ್' ಮಾಡಲು ಇರುವ ಆಧಾರ ಇದೊಂದೇ, ಬಿಡಬೇಡಿ. ಆಮೇಲೆ ಕಸ್ಟಮೈಸ್ ಒಳಗೆ 'ಅಡ್ವಾನ್ಸ್ಡ್' ಪಟ್ಟಿಯಲ್ಲಿ 'ಆ್ಯಡ್ ಸಿಎಸ್‌ಎಸ್' ಎಂಬಲ್ಲಿ (ಸಿಎಸ್‌ಎಸ್ ಅಂದರೆ ಪುಟದ ಅಂದಚೆಂದ ಹೇಳುವ ಕೋಡ್) ಪೋಸ್ಟ್-ಬಾಡಿ ಎಂಬ ಕ್ಲಾಸಿಗೆ, ಅಂದರೆ ಪೋಸ್ಟಿನ ಬರಹದ ಭಾಗಕ್ಕೆ, ಫಾಂಟ್-ಸೈಜ್ 18 ಪಿಕ್ಸೆಲ್, ಲೈನ್-ಹೈಟ್ 1.75 ಕೊಡಿ (ಕೋಡ್ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ ಎಂದು ಬೇರೆ ಹೇಳಬೇಕಿಲ್ಲ). ಲೈನ್-ಹೈಟ್‌ಗೆ ಪಿಕ್ಸೆಲ್ ಸೇರಿಸಬೇಡಿ, ಬರೀ ಅಂಕಿ ಇರಲಿ. ಪಿಕ್ಸೆಲ್‌ನಲ್ಲಿ ಕೊಟ್ಟರೆ ಒಳಗಿನ ಉಪಶೀರ್ಷಿಕೆಗಳು ದೊಡ್ಡ ಅಕ್ಷರಕ್ಕೂ ಅದೇ ಎತ್ತರವನ್ನು ಹೊತ್ತುಕೊಂಡು ಒಂದರ ಮೇಲೊಂದು ಕೂರುತ್ತವೆ. ಪೋಸ್ಟಿನ ಶೀರ್ಷಿಕೆಗೆ 1.4ರಿಂದ 1.5 ಸಾಕು. ಅಕ್ಷರ ದೊಡ್ಡದಾದಂತೆ ಸಾಲಿನ ನಡುವಿನ ಖಾಲಿ ಜಾಗವೂ ದೊಡ್ಡದಾಗಿ ಕಾಣುತ್ತದೆ.

ಇಷ್ಟು ಮಾಡಿದರೂ ಬದಲಾವಣೆ ಕಾಣಲಿಲ್ಲವಾದರೆ ಎರಡು ಕಾರಣ ಇರಬಹುದು. ಒಂದು, ಥೀಮಿನೊಳಗೆ ಇನ್ನೂ ಉದ್ದದ ಸೆಲೆಕ್ಟರ್ (ನಿಯಮ ಪುಟದ ಯಾವ ಭಾಗಕ್ಕೆ ಎಂದು ಹೇಳುವ ಹೆಸರು) ಇದ್ದು ನಿಮ್ಮದನ್ನು ಸೋಲಿಸುತ್ತಿರುತ್ತದೆ. ನಿಮ್ಮ ಸೆಲೆಕ್ಟರಿನ ಮುಂದೆ 'ಬಾಡಿ' ಸೇರಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯವಾಗಿ ನಿಯಮದಲ್ಲಿ 'ಇಂಪಾರ್ಟೆಂಟ್' (!important) ಹಾಕಿ. ಇನ್ನೊಂದು, 'ಫಾಂಟ್' ಎಂಬ ಸಂಕ್ಷಿಪ್ತ ನಿಯಮ. ಗಾತ್ರ, ಹೆಸರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯುವ ಈ ನಿಯಮದಲ್ಲಿ ಲೈನ್-ಹೈಟ್ ಹೇಳದಿದ್ದರೆ ಬ್ರೌಸರ್ ಅದನ್ನು 'ನಾರ್ಮಲ್'ಗೆ ಮರಳಿಸುತ್ತದೆ. ನೀವು ಲೈನ್-ಹೈಟ್ ಮೊದಲು ಬರೆದು ಫಾಂಟ್ ಸಾಲನ್ನು ಆಮೇಲೆ ಬರೆದಿದ್ದರೆ ಬರೆದದ್ದು ವ್ಯರ್ಥ.

ಪರೀಕ್ಷೆಗೆ ಒಂದು ಕರಡು ಪೋಸ್ಟ್ ಮಾಡಿ 'ಜ್ಯೋತ್ಸ್ನಾ ರಾಷ್ಟ್ರೀಯ ಸ್ತ್ರೀಶಕ್ತಿ ವೈಶಿಷ್ಟ್ಯ ಕೀರ್ತಿ' ಎಂಬುದನ್ನೇ ನಾಲ್ಕೈದು ಸಾಲು ತುಂಬುವಷ್ಟು ಅಂಟಿಸಿ ಪ್ರಿವ್ಯೂ ನೋಡಿ. ಎಲ್ಲೂ ತಾಗದಿದ್ದರೆ ಅಳತೆ ಸರಿಯಿದೆ. ಅದೇ ಪದಗಳನ್ನು ಶೀರ್ಷಿಕೆಯಲ್ಲೂ ಹಾಕಿ ನೋಡಿ. ಕೆಲವು ಥೀಮ್‌ಗಳು ಮುಖಪುಟದ ಶೀರ್ಷಿಕೆಯನ್ನು ಇಷ್ಟೇ ಎತ್ತರದ ಪೆಟ್ಟಿಗೆಯಲ್ಲಿಟ್ಟು ಮಿಕ್ಕದ್ದನ್ನು ಅಡಗಿಸುತ್ತವೆ, ಆಗ ಕೊನೆಯ ಸಾಲಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಅಲ್ಲಿ ಓವರ್‌ಫ್ಲೋ 'ವಿಸಿಬಲ್' ಮಾಡಿ, ಕೆಳಗೆ ನಾಲ್ಕಾರು ಪಿಕ್ಸೆಲ್ ಪ್ಯಾಡಿಂಗ್ ಕೊಡಬೇಕು.

ಫಾಂಟ್ ಆಯ್ಕೆ ಎಂಬ ಭ್ರಮೆ

ಥೀಮ್ ಡಿಸೈನರ್‌ನಲ್ಲಿ ಫಾಂಟುಗಳ ಉದ್ದ ಪಟ್ಟಿ ಇದೆ. ಅದರಲ್ಲಿ ರೊಬೊಟೊ ಆರಿಸಿದರೂ ಲೋರಾ ಆರಿಸಿದರೂ ನಿಮ್ಮ ಕನ್ನಡ ಬರಹದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಬ್ರೌಸರ್ ಓದುಗರ ಯಂತ್ರದಲ್ಲಿರುವ ಯಾವುದೋ ಕನ್ನಡ ಫಾಂಟನ್ನು ಹುಡುಕಿ ತರುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅದು ತುಂಗಾ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಎಂಎನ್ ಅಥವಾ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ. ಒಂದೇ ಪಿಕ್ಸೆಲ್ ಗಾತ್ರದಲ್ಲಿ ತುಂಗಾ ಉಳಿದವಕ್ಕಿಂತ ಪುಟ್ಟದಾಗಿ ಕಾಣುತ್ತದೆ. ನಿಮ್ಮ ಪರದೆಯಲ್ಲಿ ಚೆಂದ ಕಂಡ ಪುಟ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುವೆ ಸಾಲಿನಂತಾಗುವುದು ಹೀಗೆ.

ಪರಿಹಾರ, ಕನ್ನಡ ವೆಬ್‌ಫಾಂಟನ್ನು ನಾವೇ ಸೇರಿಸುವುದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವವುಗಳಲ್ಲಿ ಉದ್ದ ಬರಹಕ್ಕೆ ನಮ್ಮ ಮೊದಲ ಶಿಫಾರಸು ನೋಟೋ ಸೆರಿಫ್ ಕನ್ನಡ, ಮಾಹಿತಿ ಬರಹಗಳಿಗೆ ನೋಟೋ ಸಾನ್ಸ್ ಕನ್ನಡ. ಎರಡರಲ್ಲೂ 100ರಿಂದ 900ರವರೆಗೆ ದಪ್ಪ ಸಿಗುತ್ತದೆ. ಏಕ್ ಟೈಪ್‌ನವರ ಅನೇಕ್ ಕನ್ನಡದಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಹೊಂದಿಸಬಹುದು, ಹಾಗಾಗಿ ಉದ್ದ ಶೀರ್ಷಿಕೆಗಳಿಗೆ ಅದು ಬಲು ಉಪಯೋಗಿ. ಅವರದೇ ಬಾಲೂ ತಮ್ಮ 2 ಶೀರ್ಷಿಕೆಗೆ ಮುದ್ದಾಗಿದೆ, ಆದರೆ ಇಡೀ ಪೋಸ್ಟನ್ನು ಅದರಲ್ಲೇ ಓದಿಸುವುದು ಜುಲುಮೆ. ಟಿರೋ ಕನ್ನಡದ ಅಚ್ಚುಕಟ್ಟು ಹಳೆಯ ಮುದ್ರಣವನ್ನು ನೆನಪಿಸುತ್ತದೆ. ಅದರಲ್ಲಿ ಬೋಲ್ಡ್ ಇಲ್ಲ ಎಂಬುದು ಮಾತ್ರ ಗೊತ್ತಿರಲಿ. ಹುಬ್ಬಳ್ಳಿ, ಬೆಣ್ಣೆ, ಅಕಾಯಾ ಕನಡಕ ಫಾಂಟುಗಳ ಕಥೆಯೂ ಅಷ್ಟೇ, ಒಂದೇ ದಪ್ಪ. ಇಂಥವುಗಳಲ್ಲಿ ಬೋಲ್ಡ್ ಮಾಡಿದರೆ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸುತ್ತದೆ, ಆಗ 'ಘ', 'ಭ'ಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ ಮಸಿ ಚೆಲ್ಲಿದಂತಾಗುತ್ತದೆ.

ಸೇರಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಗೂಗಲ್ ಫಾಂಟ್ಸ್ ಕೊಡುವ ಲಿಂಕನ್ನು 'ಎಡಿಟ್ ಎಚ್‌ಟಿಎಂಎಲ್'ನ ಹೆಡ್ ಭಾಗದಲ್ಲಿ ಹಾಗೇ ಅಂಟಿಸಿದರೆ ಬ್ಲಾಗರ್ ದೋಷ ತೋರಿಸಿ ಉಳಿಸಲು ಬಿಡುವುದಿಲ್ಲ. ಥೀಮ್ ಕಡತ ಎಕ್ಸ್‌ಎಂಎಲ್ ಆದ್ದರಿಂದ ವಿಳಾಸದ ನಡುವಿನ & ಚಿಹ್ನೆಯ ಬೆನ್ನಿಗೇ ಎ, ಎಂ, ಪಿ ಎಂಬ ಮೂರು ಇಂಗ್ಲಿಷ್ ಅಕ್ಷರ ಮತ್ತು ಅರ್ಧವಿರಾಮ ಇರಬೇಕು, ಲಿಂಕ್ ಟ್ಯಾಗಿನ ಕೊನೆಯಲ್ಲಿ ಓರೆಗೆರೆ ಹಾಕಿ ಮುಚ್ಚಬೇಕು. ಈ ತಲೆನೋವು ಬೇಡವೆಂದು ಕೆಲವರು 'ಆ್ಯಡ್ ಸಿಎಸ್‌ಎಸ್' ಪೆಟ್ಟಿಗೆಯಲ್ಲಿ ಫಾಂಟನ್ನು ಹೊರಗಿನಿಂದ ತರಿಸುವ ಇಂಪೋರ್ಟ್ ಆದೇಶ ಬರೆಯುತ್ತಾರೆ. ಕೆಲಸ ಮಾಡದು. ಇಂಪೋರ್ಟ್ ಎಲ್ಲ ನಿಯಮಗಳಿಗಿಂತ ಮೊದಲು ಬರಬೇಕು, ಆ ಪೆಟ್ಟಿಗೆಯದ್ದು ಹೋಗಿ ಸೇರುವುದು ಕೊನೆಗೆ. ದಪ್ಪ 400 ಮತ್ತು 700 ಎರಡನ್ನೇ ಕೇಳಿ, ಒಂಬತ್ತನ್ನೂ ತರಿಸಬೇಡಿ. 'ಡಿಸ್‌ಪ್ಲೇ ಸ್ವಾಪ್' ಇರಲಿ. ಫಾಂಟ್ ಇಳಿಯುವವರೆಗೆ ಪುಟ ಖಾಲಿ ಕಾಣುವ ಬದಲು ಯಂತ್ರದ ಫಾಂಟಿನಲ್ಲೇ ಓದಲು ಸಿಗುತ್ತದೆ.

ಇನ್ನು ಸಣ್ಣಪುಟ್ಟ ಉಪದ್ರವಗಳು. ಎರಡೂ ಅಂಚು ಸಮ ಮಾಡುವ 'ಜಸ್ಟಿಫೈ' ಪುಸ್ತಕದಲ್ಲಿ ಸರಿ, ಫೋನಿನಲ್ಲಿ ಅಲ್ಲ. 'ಮಾಡಿಕೊಳ್ಳಬೇಕಾಗಿದ್ದುದರಿಂದ' ಎಂಬಂಥ ಪದಗಳ ಭಾಷೆಯಲ್ಲಿ ಕಿರಿದಾದ ಪರದೆಗೆ ಸಾಲಿಗೆ ಎರಡು ಮೂರು ಪದ ಹಿಡಿಸಿದರೆ ಹೆಚ್ಚು, ಮಿಕ್ಕ ಜಾಗವೆಲ್ಲ ಪದಗಳ ನಡುವೆ ಹೊಂಡವಾಗುತ್ತದೆ. ಎಡಕ್ಕೆ ಹೊಂದಿಸಿ ಬಿಟ್ಟುಬಿಡಿ. ಅಕ್ಷರಗಳ ನಡುವಿನ ಜಾಗ, ಅಂದರೆ ಲೆಟರ್-ಸ್ಪೇಸಿಂಗ್, ಸೊನ್ನೆ ಇರಲಿ. ಕೋಟ್ ಮಾಡಿದ ಭಾಗವನ್ನು ಇಟಾಲಿಕ್ ಮಾಡುವ ಥೀಮ್‌ಗಳಿವೆ. ಟಿರೋದಂಥ ಒಂದೆರಡನ್ನು ಬಿಟ್ಟರೆ ಕನ್ನಡ ಫಾಂಟುಗಳಿಗೆ ಇಟಾಲಿಕ್ ರೂಪವೇ ಇಲ್ಲ, ಬ್ರೌಸರ್ ಅಕ್ಷರಗಳನ್ನು ಬಲವಂತವಾಗಿ ವಾಲಿಸುತ್ತದೆ. ಅದರ ಬದಲು ಎಡಕ್ಕೊಂದು 3 ಪಿಕ್ಸೆಲ್ ಗೆರೆ, ತೆಳು ಹಿನ್ನೆಲೆ ಬಣ್ಣ ಸಾಕು. ಲಿಂಕಿನ ಅಡಿಗೆರೆ ಒತ್ತಕ್ಷರಗಳನ್ನು ಸೀಳಿಕೊಂಡು ಹೋಗುತ್ತದೆ. ಅಂಡರ್‌ಲೈನ್-ಆಫ್‌ಸೆಟ್ 0.3 ಎಂ (em, ಅಂದರೆ ಅಕ್ಷರದ ಗಾತ್ರದ 0.3 ಪಟ್ಟು) ಕೊಟ್ಟರೆ ಗೆರೆ ಕೆಳಗಿಳಿದು ಕೂರುತ್ತದೆ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಡ್ರಾಪ್ ಕ್ಯಾಪ್ ಶೋಕಿಯಂತೂ ಬೇಡವೇ ಬೇಡ. ಪ್ಯಾರಾ 'ಸ್ತ್ರೀ' ಎಂದು ಶುರುವಾದರೆ ಬ್ರೌಸರ್ 'ಸ್' ಒಂದನ್ನೇ ಕಿತ್ತು ದೊಡ್ಡದು ಮಾಡಿಬಿಡುವುದುಂಟು.

ಬಣ್ಣದಲ್ಲಿ ಎರಡು ಅತಿರೇಕ. ಹಳೆಯ ಬ್ಲಾಗುಗಳದ್ದು ಕಪ್ಪು ಹಿನ್ನೆಲೆಯ ಮೇಲೆ ಹಳದಿ, ಅದರ ಮೇಲೆ ಉದುರುವ ಹೂವು. ಹೊಸಬರದ್ದು ಬಿಳಿಯ ಮೇಲೆ ತೆಳು ಬೂದು. ಎರಡನೆಯದು ಸಭ್ಯವಾಗಿ ಕಾಣುವುದರಿಂದ ಯಾರೂ ಬೈಯುವುದಿಲ್ಲ. ವೆಬ್ ಸುಗಮ್ಯತೆಯ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಹಿನ್ನೆಲೆಯೊಡನೆ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ಬಿಳಿಯ ಮೇಲೆ #999 ಬಣ್ಣಕ್ಕೆ ಸಿಗುವುದು 2.85 ಮಾತ್ರ. #767676ಕ್ಕೆ 4.54, ಅಂದರೆ ಗಡಿಯ ಮೇಲೆ. #333 ಆದರೆ 12.6. ಕಣ್ಣು ಕುಕ್ಕದೆ ಸ್ಪಷ್ಟವಾಗಿರುವ ಬಣ್ಣ ಅದೇ.

ಯಾವ ಥೀಮ್?

2017ರಲ್ಲಿ ಬಂದ ಕಂಟೆಂಪೊ, ಸೊಹೊ, ಎಂಪೋರಿಯೊ, ನೋಟೇಬಲ್ ನಾಲ್ಕೂ ಫೋನಿನ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಸೊಹೊ, ಎಂಪೋರಿಯೊ ಎರಡೂ ಚಿತ್ರ ನಂಬಿದವು. ಪ್ರವಾಸದ, ಅಡುಗೆಯ ಬ್ಲಾಗಿಗೆ ಸರಿ, ಕಥೆ ಕವಿತೆ ಬರೆಯುವವರಿಗೆ ಖಾಲಿ ಚೌಕಗಳು ಉಳಿಯುತ್ತವೆ. ಬರಹವೇ ಮುಖ್ಯವಾದವರು ಕಂಟೆಂಪೊ ಇಲ್ಲವೇ ನೋಟೇಬಲ್ ಹಿಡಿಯಬಹುದು. ಕಂಟೆಂಪೊದ ತಲೆಯಲ್ಲಿರುವ ಮಸುಕು ಚಿತ್ರವನ್ನು ಮೊದಲು ತೆಗೆಯಿರಿ. ಬರಹದ ಅಂಕಣಕ್ಕೆ 680 ಪಿಕ್ಸೆಲ್ ಆಸುಪಾಸಿನ ಗರಿಷ್ಠ ಅಗಲ ಕಟ್ಟಿ. ಡೈನಾಮಿಕ್ ವ್ಯೂಸ್ ಆಯ್ಕೆ ಇನ್ನೂ ಇದೆ, ಆದರೆ ಪುಟ ಪೂರ್ತಿ ಜಾವಾಸ್ಕ್ರಿಪ್ಟ್ ಮೇಲೆ ನಿಂತದ್ದು. ನಿಧಾನದ ನೆಟ್‌ನಲ್ಲಿ ತಿರುಗುವ ಹಲ್ಲುಚಕ್ರ ನೋಡುತ್ತ ಕೂರಬೇಕು.

ಸಿಂಪಲ್‌ನಂಥ ಹಳೆಯ ಥೀಮೇ ಇರಲಿ ಅನ್ನುವವರಿಗೆ ಒಂದು ಸೂಚನೆ. ಅವು ಫೋನಿಗೆ ಬೇರೆಯೇ ಟೆಂಪ್ಲೇಟ್ ಕಳಿಸುತ್ತವೆ. ನೀವು ಹಾಕಿದ ಸಿಎಸ್‌ಎಸ್ ಕಂಪ್ಯೂಟರಿನಲ್ಲಿ ಕಂಡು ಫೋನಿನಲ್ಲಿ ಕಾಣೆಯಾಗುವುದು ಇದರಿಂದಲೇ. ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ 'ಕಸ್ಟಮ್' ಆರಿಸಿಕೊಳ್ಳಬೇಕು.

ಹೊರಗಿನ ತಾಣಗಳಿಂದ ಇಳಿಸಿಕೊಳ್ಳುವ 'ಫ್ರೀ ಪ್ರೀಮಿಯಂ' ಟೆಂಪ್ಲೇಟುಗಳಿಂದ ದೂರವಿರುವುದು ಒಳ್ಳೆಯದು. ಅಡಿಬರಹದಲ್ಲಿರುವ ತಯಾರಕರ ಲಿಂಕ್ ಅಳಿಸಿದರೆ ಇಡೀ ಬ್ಲಾಗನ್ನು ತಮ್ಮ ತಾಣಕ್ಕೆ ತಿರುಗಿಸುವ ಸ್ಕ್ರಿಪ್ಟ್ ಅವುಗಳಲ್ಲಿ ಹಲವಕ್ಕೆ ಇರುತ್ತದೆ, ಅದನ್ನು ಸುಲಭಕ್ಕೆ ಓದಲಾಗದಂತೆ ಕಲಸಿ ಇಟ್ಟಿರುತ್ತಾರೆ.

ಬರಹ ಅಂಟಿಸುವಾಗ, ಪ್ರಕಟಿಸುವಾಗ

ಥೀಮ್ ಎಷ್ಟು ತಿದ್ದಿದರೂ ವರ್ಡ್‌ನಿಂದ ನೇರ ಅಂಟಿಸಿದ ಬರಹ ತನ್ನದೇ ಫಾಂಟ್, ಗಾತ್ರ, ಬಣ್ಣ ಹೊತ್ತು ಬರುತ್ತದೆ. ಒಂದು ಪೋಸ್ಟ್ ಸಣ್ಣ, ಒಂದು ದೊಡ್ಡ ಕಾಣುವುದಕ್ಕೆ ಕಾರಣ ಥೀಮಲ್ಲ, ಇದು. ಕಂಟ್ರೋಲ್, ಶಿಫ್ಟ್ ಜೊತೆ ವಿ ಒತ್ತಿ ಬರಿಯ ಪಠ್ಯ ಅಂಟಿಸಿ. ಹಳೆಯದಕ್ಕೆ ಪಠ್ಯ ಆಯ್ದು 'ಕ್ಲಿಯರ್ ಫಾರ್ಮ್ಯಾಟಿಂಗ್' ಒತ್ತಿ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ರೂಪ ಕೂರಿಸಿದ) ಫಾಂಟಿನಲ್ಲಿ ಟೈಪಿಸಿದ್ದಾದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಲೇಬೇಕು, ಇಲ್ಲದಿದ್ದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕವಿತೆಯನ್ನು ಚಿತ್ರವಾಗಿ ಹಾಕುವವರೂ ಇದ್ದಾರೆ. ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ಅಕ್ಷರ ದೊಡ್ಡದಾಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಲಾಗಿನ ಭಾಷೆ ಕನ್ನಡ ಎಂದು ಆರಿಸಿ. ದಿನಾಂಕ, ಗುಂಡಿಗಳ ಹೆಸರು ಕನ್ನಡಕ್ಕೆ ತಿರುಗುತ್ತವೆ.

ಬ್ಲಾಗರ್‌ಗೆ ನಾವು ಅಂಕ ಕಡಿಮೆ ಮಾಡುವುದು ವಿಳಾಸದ ವಿಷಯದಲ್ಲಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ಅದು ಅಕ್ಷರಗಳನ್ನೆಲ್ಲ ಕೈಬಿಟ್ಟು 'ಬ್ಲಾಗ್-ಪೋಸ್ಟ್' ಎಂಬ ವಿಳಾಸ ಕೊಡುತ್ತದೆ, ಮುಂದಿನದಕ್ಕೆ ಅದರ ಹಿಂದೆ ಒಂದು ಅಂಕಿ. ಇಷ್ಟು ವರ್ಷವಾದರೂ ಇದನ್ನು ಸರಿಮಾಡದಿರುವುದು ಅಸಡ್ಡೆಯೇ. ಪ್ರಕಟಿಸುವ ಮೊದಲು ಬಲಗಡೆಯ (ಪೋಸ್ಟಿನ ವಿಳಾಸ ಇಡುವ) ಪರ್ಮಾಲಿಂಕ್‌ನಲ್ಲಿ 'ಕಸ್ಟಮ್' ಆರಿಸಿ ಇಂಗ್ಲಿಷ್ ಲಿಪಿಯಲ್ಲಿ ಮೂರು ನಾಲ್ಕು ಪದ ಬರೆಯಿರಿ, ನಡುವೆ ಅಡ್ಡಗೆರೆ. ಪ್ರಕಟವಾದ ಮೇಲೆ ಇದು ಬೀಗ ಬಿದ್ದ ಹಾಗೆಯೇ. ಬದಲಿಸಬೇಕೆಂದರೆ ಪೋಸ್ಟನ್ನು ಕರಡಿಗೆ ಮರಳಿಸಬೇಕು, ಹಳೆಯ ವಿಳಾಸದಿಂದ ಹೊಸದಕ್ಕೆ ಸೆಟ್ಟಿಂಗ್ಸ್‌ನ 'ಕಸ್ಟಮ್ ರಿಡೈರೆಕ್ಟ್ಸ್'ನಲ್ಲಿ ದಾರಿ ಹಾಕಬೇಕು. ಲೇಬಲ್‌ಗಳು ಕನ್ನಡದಲ್ಲೇ ಇರಲಿ, ಓದುಗರಿಗೆ ಅದೇ ಸುಲಭ. ಆ ಲೇಬಲ್ ಪುಟದ ಲಿಂಕ್ ನಕಲು ಮಾಡಿದಾಗ ಒಂದೊಂದು ಕನ್ನಡ ಚಿಹ್ನೆಗೂ ಒಂಬತ್ತು ಅಕ್ಷರ ಸೇರಿ, 'ಕವಿತೆ' ಎಂಬಷ್ಟಕ್ಕೇ 45 ಅಕ್ಷರದ ಬಾಲ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದಾದರೆ ಪೋಸ್ಟಿನ ಲಿಂಕನ್ನೇ ಹಂಚಿ.

ಚಿತ್ರ ಹಾಕುವಾಗ 'ಒರಿಜಿನಲ್ ಸೈಜ್' ಬೇಡ, 640 ಪಿಕ್ಸೆಲ್‌ನ 'ಎಕ್ಸ್ ಲಾರ್ಜ್' ಸಾಕು. ಎಲ್ಲ ತಿದ್ದಿ ಮುಗಿದ ಮೇಲೆ ಕಂಪ್ಯೂಟರಿನ ಪ್ರಿವ್ಯೂ ನಂಬಿ ಕೂರಬೇಡಿ. ಮನೆಯಲ್ಲಿರುವ ಅತಿ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಆಫ್ ಮಾಡಿ, ಸಿಮ್ ಡೇಟಾದಲ್ಲಿ ತೆರೆದು, ಒಂದು ಉದ್ದ ಪೋಸ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿ ನೋಡಿ.