"ಸ್ಲೀವ್ ಹಾಕಿದ್ರೆ ಕೂತ್ಕೊಳ್ಳುತ್ತೆ" ಅಂದ್ರೆ ನಂಬಬೇಡಿ, ಗಾಡಿ ಹಿಂದೆ ಟ್ರಾಲಿ ಎಳೆಯೋರು ಓದಿ

ನಿನ್ನೆ ತುಮಕೂರು ರಿಂಗ್ ರೋಡಲ್ಲಿ ಬರ್ತಿದ್ದೆ, ನನಗೆ ಮೋಸ ಮಾಡಿದ ಅಂಗಡಿ ಮುಂದೆ ಅದೇ ಕರಿ ಬಣ್ಣದ ಸ್ಲೀವ್, ಅಂದ್ರೆ ದೊಡ್ಡ ತೂತಲ್ಲಿ ಚಿಕ್ಕ ಬಾರ್ ಕೂರಿಸೋಕೆ ಮಧ್ಯೆ ಹಾಕೋ ಚೌಕದ ಕೊಳವೆ, ಇನ್ನೂ ನಾಲ್ಕನ್ನ ತಂತೀಲಿ ನೇತಾಕಿದ್ದಾನೆ. ಹೋದದ್ದು ಹೋಯ್ತು ಅಂತ ಒಂದು ತಿಂಗಳಿಂದ ಸುಮ್ನಿದ್ದೆ, ಅದನ್ನ ನೋಡಿದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. ಅಂಗಡಿ ಹೆಸರು ಹಾಕಲ್ಲ. ಏನಾಯ್ತು ಅನ್ನೋದನ್ನ ಮಾತ್ರ ಪೂರ್ತಿ ಹೇಳ್ತೀನಿ, ಉದ್ದ ಆಗುತ್ತೆ, ಜನರೇಟರ್ ಟ್ರಾಲಿ, ನೀರಿನ ಟ್ಯಾಂಕ್, ಕಬ್ಬಿನ ಹಾಲಿನ ಗಾಡಿ, ಏನೇ ಆಗ್ಲಿ ಪಿಕಪ್ ಹಿಂದೆ ಕಟ್ಟಿ ಎಳೆಯೋರು ಕೊನೆ ತನಕ ಓದಿ.

ನಂದು ಶಾಮಿಯಾನ, ಲೈಟಿಂಗ್, ಜನರೇಟರ್ ಬಾಡಿಗೆ ಕೆಲಸ, ಹನ್ನೊಂದು ವರ್ಷ ಆಯ್ತು. ಮದುವೆ, ಆರತಕ್ಷತೆ, ಗಣೇಶನ ಹಬ್ಬ, ಶಿವರಾತ್ರಿ ಟೈಮಲ್ಲಿ ಸಿದ್ಧಗಂಗೆ ಜಾತ್ರೆ, ವರ್ಷ ಪೂರ್ತಿ ಓಡಾಟ. 15 ಕೆವಿಎ ಜನರೇಟರ್ ಎರಡು ಚಕ್ರದ ಟ್ರಾಲಿ ಮೇಲೆ ಕೂರಿಸಿದೀನಿ, ಕೇಬಲ್ ಸುರುಳಿ ಡೀಸೆಲ್ ಎಲ್ಲ ಸೇರಿ ಒಂದು ಟನ್ ಹತ್ತತ್ರ. ಹಳೆ ಗಾಡಿ ಚಿಕ್ಕದು, ಅದರ ಹಿಂದೆ ಇದ್ದ ರಿಸೀವರ್‌ಗೆ (ಟ್ರಾಲಿ ಎಳೆಯೋ ಬಾರ್ ತೂರಿಸೋ ಚೌಕದ ಕಬ್ಬಿಣದ ಗೂಡು) ಅಂತ 40 ಎಂಎಂ ಚೌಕದ ಗಟ್ಟಿ ಬಾರ್ ಮಾಡಿಸಿದ್ದೆ, ಆರು ವರ್ಷ ಒಂದು ದಿನ ತೊಂದ್ರೆ ಕೊಟ್ಟಿಲ್ಲ. ಈ ವರ್ಷ ಆ ಗಾಡಿ ಕೊಟ್ಟು ದೊಡ್ಡ ಪಿಕಪ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. ಅದರ ಹಳೆ ಓನರ್ ಹಿಂದಗಡೆ ಚೌಕದ ರಿಸೀವರ್ ಹಾಕ್ಸಿದ್ದ, ಒಳ್ಳೆ ಗಟ್ಟಿ ಮಾಲು, ಆದ್ರೆ ನನ್ನ ಬಾರ್‌ಗಿಂತ ದೊಡ್ಡದು. ಬಾರ್ ಒಳಗೆ ಹಾಕಿದ್ರೆ ಬಾವಿಗೆ ಕೊಡಪಾನ ಇಳಿಬಿಟ್ಟಂಗೆ ಅತ್ಲಾಗೆ ಇತ್ಲಾಗೆ ಬಡಿಯೋದು.

ನಮ್ಮ ಮಾಮೂಲಿ ಲೇತ್‌ನೋರು ಅವತ್ತು ಊರಲ್ಲಿರ್ಲಿಲ್ಲ. ಗುಬ್ಬಿಯಲ್ಲಿ ಒಂದು ಛತ್ರದಲ್ಲಿ ಆರತಕ್ಷತೆ ಒಪ್ಕೊಂಡಿದ್ದೆ, ಎರಡೇ ದಿನ ಇತ್ತು. ಅವರಿದ್ದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ.

ಅಂಗಡಿಗೆ ಹೋದೆ. ಟೇಪ್ ಹಿಡಿದು ಮನೇಲೇ ಅಳತೆ ಮಾಡ್ಕೊಂಡು ಹೋಗಿದ್ದೆ, "ಎರಡೂವರೆ ಇಂಚು ರಿಸೀವರ್ ಐತೆ, ನನ್ನ ಬಾರ್ 40 ಎಂಎಂ" ಅಂದೆ. ಅವ್ನು ಗಾಡಿ ಹತ್ರ ಬಂದು ಬಗ್ಗಿ ನೋಡಿ "ಅಣ್ಣ, ನೀವು ಹೊರಗಡೆ ಅಳ್ದಿದೀರ, ರಿಸೀವರ್ ಯಾವಾಗ್ಲೂ ಒಳಗಿನ ಅಳತೇಲಿ ಹೇಳ್ಬೇಕು, ಇದು ಎರಡು ಇಂಚಿಂದು" ಅಂದ. ಅದು ನಿಜಾನೇ. ಹೊರಗೆ ಎರಡೂವರೆ, ಸುತ್ತ ಕಾಲು ಕಾಲು ಇಂಚು ಗೋಡೆ, ಒಳಗೆ ಎರಡು ಇಂಚು ಅಂದ್ರೆ 50.8 ಎಂಎಂ. ಆ ಒಂದು ಮಾತು ಕೇಳಿ ನಾನು ಇವನಿಗೆ ಕೆಲಸ ಗೊತ್ತು ಅಂದ್ಕೊಂಡ್ಬಿಟ್ಟೆ. ಯೋಚ್ನೆ ಮಾಡಿದ್ರೆ ನಾನು ಬಿದ್ದಿದ್ದೇ ಅಲ್ಲಿ. ಒಂದು ನಿಜ ಹೇಳಿ ಮಿಕ್ಕಿದ್ದೆಲ್ಲ ಸುಳ್ಳು ಮಾರ್ದ.

"ಹೊಸ ಎರಡಿಂಚಿನ ಬಾರ್ ಮಾಡ್ಸಲಾ?" ಅಂತ ನಾನೇ ಕೇಳ್ದೆ. ಇದನ್ನ ಒತ್ತಿ ಹೇಳ್ತಿದೀನಿ, ನಾನೇ ಕೇಳ್ದೆ. "ಸುಮ್ನೆ ಯಾಕಣ್ಣ ಖರ್ಚು, ರೆಡಿಮೇಡ್ ಸ್ಲೀವ್ ಐತೆ, ಹೊರಗಿನ ಮಾಲು, ಹಾಕಿದ್ರೆ ಕೂತ್ಕೊಳ್ಳುತ್ತೆ, ಎರಡು ಟನ್ ಎಳೀರಿ ಏನೂ ಆಗಲ್ಲ" ಅಂತ ಒಳಗಿಂದ ಕರ್ರಗೆ ಹೊಳೆಯೋ ಸ್ಲೀವ್ ತಂದ. ಪ್ಲಾಸ್ಟಿಕ್ ಕವರ್, ಮೇಲೊಂದು ಇಂಗ್ಲಿಷ್ ಸ್ಟಿಕ್ಕರ್. 2,800 ರೂಪಾಯಿ. ಚೌಕಾಸಿ ಮಾಡಿ 2,600 ಕೊಟ್ಟೆ, ಫೋನ್‌ಪೇ. ಬಿಲ್ ಕೇಳಿದ್ರೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತಲ್ಲಣ್ಣ" ಅಂದ, ಸರಿ ಬಿಡು ಅಂದೆ.

ಸ್ಲೀವ್ ಒಳಗೆ ಬಾರ್ ಹಾಕಿ ರಿಸೀವರ್‌ಗೆ ತಳ್ಳಿ ಸುತ್ತಿಗೇಲಿ ಎರಡೇಟು ಹೊಡ್ದ, ಗಟ್ಟಿಯಾಗಿ ಕೂತ್ಕೊಳ್ತು, ಕೈಯಲ್ಲಿ ಅಲ್ಲಾಡಿಸಿ ತೋರ್ಸ್ದ, ಅಲ್ಲಾಡ್ಲಿಲ್ಲ. ಬಾರ್ ಆಚೆ ಬರದಂಗೆ ಅಡ್ಡ ಹಾಕೋ ಪಿನ್ ಹಾಕೋಕೆ ಹೋದ್ರೆ ಹೋಗ್ತಿಲ್ಲ. ರಿಸೀವರ್ ತೂತು 16 ಎಂಎಂ, ನನ್ನ ಹಳೆ ಬಾರ್ ತೂತು 13. ನನ್ನ ಹುಡುಗ, ಹೆಲ್ಪರ್, ಹತ್ತೊಂಬತ್ತು ವರ್ಷ ಅವನಿಗೆ, "ಅಣ್ಣ, ಬಾರ್ ತೂತು ದೊಡ್ಡದು ಮಾಡ್ಸಿ ದಪ್ಪ ಪಿನ್ನೇ ಹಾಕ್ಸೋಣ" ಅಂದ. ಅಂಗಡಿಯವ್ನು "ಏಯ್ ಸುಮ್ನಿರೋ, ಡ್ರಿಲ್ ಮಾಡಿದ್ರೆ ಬಾರ್ ವೀಕ್ ಆಗುತ್ತೆ" ಅಂತ ಗದರಿ, ಡಬ್ಬದಿಂದ 12 ಎಂಎಂ ಬೋಲ್ಟ್ ತೆಗೆದು ಹಾಕಿ ನಟ್ ಬಿಗಿದ. ಬಾರ್ ಕಳಚಿದ್ರೂ ಟ್ರಾಲಿ ಹಿಡ್ಕೊಳ್ಳೋ ಚೈನ್ ಎಲ್ಲಿಗೆ ಹಾಕೋದು ಅಂದ್ರೆ ಸ್ಲೀವ್ ಮೂತಿಗೇ ಒಂದು ಕೊಂಡಿ ಇತ್ತು, ಅದಕ್ಕೇ ಸಿಗಿಸ್ದ. ನಾನು ನೋಡ್ತಾ ನಿಂತಿದ್ದೆ. ಹುಡುಗ ಹೇಳಿದ್ದು ಸರಿ ಇತ್ತು, ನಾನು ಬಾಯಿ ಮುಚ್ಕೊಂಡಿದ್ದೆ, ಅದು ಇವತ್ತಿಗೂ ಚುಚ್ಚುತ್ತೆ.

ಆರತಕ್ಷತೆ ದಿನ ಸಂಜೆ ನಾಲ್ಕಕ್ಕೆ ತುಮಕೂರು ಬಿಟ್ವಿ. ಹಿಂದಿಂದ ಕಟಕಟ ಅಂತ ಸದ್ದು ಶುರು ಆಯ್ತು. ಮೊದಲು ಕೇಬಲ್ ಹುಕ್ ಇರ್ಬೇಕು ಅಂದ್ಕೊಂಡೆ. ಗಾಡಿ ನಿಲ್ಸಿ ನೋಡಿದ್ರೆ ಬಾರ್ ಸ್ಲೀವ್ ಒಳಗೆ ಆಡ್ತಿದೆ, ಮೊದಲು ಇದ್ದಂಗಿಲ್ಲ. ಅಂಗಡಿಗೆ ಫೋನ್ ಮಾಡ್ದೆ, ರೋಡ್ ಪಕ್ಕ ನಿಂತ್ಕೊಂಡೇ. "ಅಣ್ಣ ಹೊಸದು, ಸೆಟ್ ಆಗೋ ತನಕ ಹಂಗೇ, ನಟ್ ಒಂದು ಸುತ್ತು ಟೈಟ್ ಮಾಡಿ" ಅಂದ. ಟೈಟ್ ಮಾಡಿ ಹೊರಟೆ. ಸೆಟ್ ಆಗುತ್ತಂತೆ! ಒಂದು ಟನ್ ಭಾರ ಹಿಂದೆ ಇದೆ ಅಂತ ಗೊತ್ತಿದ್ದೂ ಹಂಗೆ ಹೇಳ್ದ.

ಗುಬ್ಬಿ ಇನ್ನೇನು ಹತ್ರ ಬಂತು ಅನ್ನುವಾಗ ಒಂದು ಹಂಪ್. ಸ್ಪೀಡ್ ಇರ್ಲಿಲ್ಲ, ಸೆಕೆಂಡ್ ಗೇರಲ್ಲಿ ಹತ್ಸಿದೆ. ಮುಂದಿನ ಚಕ್ರ ಇಳೀತು, ಹಿಂದಿನ ಚಕ್ರ ಇಳೀತು, ಟ್ರಾಲಿ ಚಕ್ರ ಹಂಪ್ ಹತ್ತುವಾಗ "ಟಣ್" ಅಂತ ಸದ್ದು, ಗಾಡಿ ಒಮ್ಮೆಲೇ ಹಗುರ ಆದಂಗಾಯ್ತು. ಕನ್ನಡೀಲಿ ನೋಡಿದ್ರೆ ಟ್ರಾಲಿ ಮೂತಿ ಟಾರಿಗೆ ಬಿದ್ದು ಕಿಡಿ ಕಾರ್ಕೊಂಡು ಎಡಕ್ಕೆ ತಿರುಗ್ತಿದೆ. ಹಿಂದೆ ಒಂದು ಸ್ಕೂಟರ್, ಗಂಡ ಹೆಂಡ್ತಿ, ಮುಂದೆ ನಿಂತ್ಕೊಂಡಿದ್ದ ಮಗು. ಆ ಪುಣ್ಯಾತ್ಮ ದೂರ ಬಿಟ್ಕೊಂಡು ಬರ್ತಿದ್ದ, ಬ್ರೇಕ್ ಹಿಡಿದು ಮಣ್ಣಿಗೆ ಇಳಿಸ್ದ. ಟ್ರಾಲಿ ಚರಂಡಿಗೆ ಮಗುಚ್ಕೊಳ್ತು. ಸ್ಕೂಟರ್‌ಗೂ ಟ್ರಾಲಿಗೂ ಮಧ್ಯೆ ಎರಡು ಮಾರು ಜಾಗ ಇತ್ತು ಅಷ್ಟೇ. ಆ ಹೆಣ್ಮಗಳು ಮಗು ಎತ್ಕೊಂಡು ನಡುಗ್ತಾ ನಿಂತಿದ್ದು ಕಣ್ಣಿಂದ ಹೋಗ್ತಿಲ್ಲ. ಅವರು ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಛತ್ರದಲ್ಲಿ ಆರೂವರೆಗೆ ಕರೆಂಟ್ ಹೋಯ್ತು. ಇನ್ನೊಬ್ಬರ ಜನರೇಟರ್ ಬರೋ ಹೊತ್ತಿಗೆ ಏಳೂಕಾಲು. ಮುಕ್ಕಾಲು ಗಂಟೆ ಹೆಣ್ಣು ಗಂಡು ಕತ್ತಲಲ್ಲಿ ಮೊಬೈಲ್ ಟಾರ್ಚಲ್ಲಿ ಕೂತಿದ್ರು. ಹುಡುಗಿ ತಂದೆ ನನ್ನ ಹತ್ರ ಬಂದು "ಬೀಗರ ಮುಂದೆ ಹಿಂಗ್ ಮಾಡ್ಬಿಟ್ರಲ್ಲಪ್ಪ" ಅಂದ್ರು. ಹನ್ನೊಂದು ವರ್ಷದಲ್ಲಿ ಯಾರ ಮನೆ ಶುಭಕಾರ್ಯದಲ್ಲೂ ಈ ಮಾತು ಕೇಳಿರ್ಲಿಲ್ಲ. ಬಾಡಿಗೆ ತಗೊಳ್ಳಿಲ್ಲ, ಬೇರೆಯವರ ಜನರೇಟರ್ ದುಡ್ಡು ನಾನೇ ಕೊಟ್ಟೆ, ಕ್ರೇನ್, ರೇಡಿಯೇಟರ್, ಮೇಲಿನ ಕ್ಯಾನೋಪಿ ಎಲ್ಲ ಸೇರಿ 43,000 ದಾಟ್ತು.

ಮಾರನೇ ದಿನ ಲೇತ್‌ನೋರು ಬಂದ್ರು, ಬಾರ್ ಸ್ಲೀವ್ ಎರಡೂ ಬೆಂಚ್ ಮೇಲೆ ಇಟ್ಟೆ. ಅವರು ಮಾತಾಡದೆ ವೈರ್ ಬ್ರಶ್ಶಲ್ಲಿ ಆ ಕರಿ ಪೇಂಟ್ ಉಜ್ಜಿದ್ರು. ಒಳಗೆ ಏನಿತ್ತು ಗೊತ್ತಾ? ನಮ್ಮೂರ ಕಬ್ಬಿಣದಂಗಡೀಲಿ ಗೇಟ್ ಮಾಡೋಕೆ ತಗೊಳ್ತೀವಲ್ಲ, ಆ 50 ಎಂಎಂ ಚೌಕದ ಪೈಪು. ಅಡ್ಡ ಕುಯ್ದಿದ್ದು, ಅಂಚಲ್ಲಿ ಕಟಿಂಗ್ ವೀಲ್ ಗುರುತು ಹಂಗೇ ಇದೆ. ದಪ್ಪ ಕರೆಕ್ಟಾಗಿ ಅಳೆಯೋ ವರ್ನಿಯರ್ ಹಿಡಿದ್ರು, ಗೋಡೆ 3 ಎಂಎಂ. ಅಂದ್ರೆ ಒಳಗೆ 44. ನನ್ನ ಬಾರ್ 40. ನಾಲ್ಕು ಎಂಎಂ ಲೂಸು! ಅದನ್ನ ಮುಚ್ಚೋಕೆ ಒಳಗಡೆ ತಗಡಿನ ಪಟ್ಟಿ ಇಟ್ಟು ಎರಡು ಚುಕ್ಕೆ ವೆಲ್ಡಿಂಗ್ ಹೊಡೆದು ಮೇಲೆ ಪೇಂಟ್ ಬಳಿದಿದ್ದ. ಅಂಗಡೀಲಿ ಸುತ್ತಿಗೇಲಿ ಹೊಡೆದಾಗ ಗಟ್ಟಿ ಕೂತಿದ್ದು ಆ ತಗಡಿಂದ. ರೋಡಲ್ಲಿ ತಗಡು ಚಪ್ಪಟೆ ಆಗಿ ಕಿತ್ಕೊಂಡು ಬಂತು, ಕಟಕಟ ಶುರು ಆಗಿದ್ದು ಅದಕ್ಕೇ. ಆ ತಗಡಿನ ಚೂರನ್ನ ಲೇತ್‌ನೋರು ನನ್ನ ಅಂಗೈ ಮೇಲೆ ಇಟ್ರು. ಉಗುರಲ್ಲಿ ಬಗ್ಗಿಸಿದ್ರೆ ಬಗ್ಗುತ್ತೆ. 2,600 ಕೊಟ್ಟಿದ್ದೀನಿ ಇದಕ್ಕೆ. ಮೋಸ ಹೋಗಿದೀನಿ ಅಂತ ಆವಾಗ ಮೈಯೆಲ್ಲ ಉರೀತು.

ಬೋಲ್ಟ್ ಇನ್ನೂ ಕೆಟ್ಟದ್ದು. ತಲೆ ಮೇಲೆ 8.8 ಅಂತ ಎಷ್ಟು ಗಟ್ಟಿ ಅಂತ ಹೇಳೋ ಗ್ರೇಡ್ ನಂಬರ್ ಇರ್ಬೇಕು ಅಂತೆ, ಏನೂ ಇಲ್ಲ, ಬೋಳು. ತಲೆಯಿಂದ ತುದಿವರೆಗೂ ಥ್ರೆಡ್ಡೇ, ತುಂಡಾಗಿರೋದೂ ಥ್ರೆಡ್ ಮೇಲೇ. 12 ಎಂಎಂ ಬೋಲ್ಟ್ ಆದ್ರೂ ಥ್ರೆಡ್ ತಳದಲ್ಲಿ ಇರೋದು 10 ಎಂಎಂ ಚಿಲ್ಲರೆ. ಇರಬೇಕಾಗಿದ್ದ 16 ಎಂಎಂ ಪಿನ್ನಿಗೆ ಹೋಲ್ಸಿದ್ರೆ ಕಬ್ಬಿಣ ಅರ್ಧಕ್ಕಿಂತ ಕಡಿಮೆ. ಅದೂ 16ರ ತೂತಲ್ಲಿ 12ರ ಬೋಲ್ಟ್, ಅಲ್ಲೂ ಆಟ. ಲೇತ್‌ನೋರು ಹೇಳಿದ್ದು ಇಷ್ಟು, ಟನ್ ಭಾರದ ಟ್ರಾಲಿ ಸರಿಯಾಗಿ ಎಳೀಬೇಕಂದ್ರೆ ಮೂತಿ ಮೇಲೆ 100ರಿಂದ 150 ಕೆಜಿ ಕೂತಿರುತ್ತೆ, ಲೂಸ್ ಇದ್ರೆ ಒಂದೊಂದು ಗುಂಡಿಗೂ ಅದು ಸುತ್ತಿಗೆ ಥರ ಬೋಲ್ಟ್ ಮೇಲೆ ಬಡಿಯುತ್ತೆ, ಬ್ರೇಕ್ ಹಾಕಿದಾಗ ಒಂದೇಟು, ಎಳೆದಾಗ ಒಂದೇಟು. ಚೈನ್ ಸ್ಲೀವ್‌ಗೇ ಹಾಕಿದ್ದಕ್ಕೆ ಬೋಲ್ಟ್ ತುಂಡಾದಾಗ ಬಾರ್, ಸ್ಲೀವ್, ಚೈನ್ ಎಲ್ಲ ಒಟ್ಟಿಗೇ ಆಚೆ ಬಂದಿದೆ, ಚೈನ್ ಇದ್ದೂ ಇಲ್ದಂಗೆ.

ಇನ್ನು ಅವನ ಉತ್ತರಗಳು. ಎಲ್ಲ ವಾಟ್ಸಾಪಲ್ಲಿ ಇದೆ. ಮೊದಲು ತುಂಡಾದ ಬೋಲ್ಟ್ ಫೋಟೋ ಕಳ್ಸಿದೆ. "ಅಯ್ಯೋ ಯಾರಿಗೂ ಏನೂ ಆಗಿಲ್ವಲ್ಲ ಅಣ್ಣ, ದೇವ್ರು ದೊಡ್ಡೋನು." ಅದಾದ್ಮೇಲೆ ದುಡ್ಡಿನ ಮಾತು ತೆಗೆದೆ. ಎರಡು ಗಂಟೆ ಬಿಟ್ಟು "ಓವರ್ ಲೋಡ್ ಹಾಕಿದೀರ." ನೀನೇ ಎರಡು ಟನ್ ಅಂದಿದ್ಯಲ್ಲ ಅಂದೆ. "ಹಂಪ್ ಮೇಲೆ ಜೋರಾಗಿ ಹಾರ್ಸಿದೀರ." ತಗಡಿನ ಫೋಟೋ ಕಳ್ಸಿದೆ. "ಅದು ಶಿಮ್ ಅಣ್ಣ, ಸಂದಿ ತುಂಬೋ ಪಟ್ಟಿ, ಫಾರಿನ್‌ನಲ್ಲೂ ಹಾಕ್ತಾರೆ." ಪೈಪಿನ ಫೋಟೋ ಕಳ್ಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಹುಡುಗನ್ನ ಕರ್ಕೊಂಡು ಅಂಗಡಿಗೇ ಹೋದೆ, ನಾಲ್ಕು ಜನ ಗಿರಾಕಿ ಮುಂದೆ "ಈ ಮಾಲು ನಮ್ದೇ ಅಂತ ಏನ್ ಗ್ಯಾರಂಟಿ, ಬಿಲ್ ಐತಾ?" ಅಂದ. ಅಣ್ಣ ಅಣ್ಣ ಅಂತಿದ್ದೋನು ಅವತ್ತು "ರೀ ಮಿಸ್ಟರ್" ಅಂದ. ಮುಖ ಎತ್ತೋಕೆ ಆಗ್ಲಿಲ್ಲ ನನಗೆ, ತಪ್ಪು ಮಾಡಿದೋನು ಅವ್ನು, ತಲೆ ತಗ್ಸಿ ಆಚೆ ಬಂದಿದ್ದು ನಾನು.

ಈಗ 16 ಎಂಎಂ ತೂತಿನ ಎರಡಿಂಚಿನ ಹೊಸ ಬಾರ್ ಮಾಡ್ಸಿದೀನಿ, ಪಿನ್ ತುದೀಲಿ ಕ್ಲಿಪ್, ಚೈನ್ ಎರಡೂ ಕಡೆ ಗಾಡಿ ಚಾಸಿಗೇ. 3,900 ಆಯ್ತು. ಅವತ್ತು ನಾನು ಕೇಳಿದ್ದೂ ಇದನ್ನೇ.

ನೀವು ರಿಸೀವರ್ ಒಳಗಡೆ ಅಳೀರಿ, ಟೇಪ್ ಅಲ್ಲ ವರ್ನಿಯರ್ ತಗೊಂಡು ಹೋಗಿ. ದೊಡ್ಡ ರಿಸೀವರ್‌ಗೆ ಚಿಕ್ಕ ಬಾರ್ ಹಾಕಿದ್ರೆ ತಾಕತ್ತು ಚಿಕ್ಕ ಬಾರ್‌ದೇ, ಸ್ಲೀವ್ ಹಾಕಿದ್ರೆ ಜಾಸ್ತಿ ಆಗಲ್ಲ. ಸ್ಲೀವ್ ತಗೊಳ್ಳಲೇಬೇಕಂದ್ರೆ ಗೋಡೆ ದಪ್ಪ ಅಳೀರಿ, ಒಳಗೆ ಬೆರಳಾಡ್ಸಿ ನೋಡಿ, ತಗಡು ಸಿಕ್ಕಿದ್ರೆ ಅಲ್ಲೇ ಬಿಸಾಕಿ ಬನ್ನಿ. ಬೋಲ್ಟ್ ಕೊಟ್ರೆ ಬೇಡ ಅನ್ನಿ, ಪಿನ್ ಕೇಳಿ. ಕಟಕಟ ಅಂದ್ರೆ ಮುಂದಕ್ಕೆ ಹೋಗಬೇಡಿ, ಯಾರು ಫೋನಲ್ಲಿ ಏನೇ ಹೇಳ್ಲಿ. ಬಿಲ್ ತಗೊಳ್ಳಿ, ಇನ್ನೂರು ಮುನ್ನೂರು ಜಾಸ್ತಿ ಆದ್ರೂ ಸರಿ.

1915ಕ್ಕೆ, ಗ್ರಾಹಕರ ಸಹಾಯವಾಣಿ, ಫೋನ್ ಮಾಡಿ ದೂರು ಕೊಟ್ಟಿದೀನಿ, ಫೋನ್‌ಪೇ ರೆಕಾರ್ಡು ವಾಟ್ಸಾಪ್ ಎರಡೂ ಇಟ್ಕೊಂಡಿದೀನಿ. ತುಂಡಾದ ಬೋಲ್ಟು, ಸ್ಲೀವು, ಆ ತಗಡು ನಮ್ಮ ಲೇತ್‌ನೋರ ಬೆಂಚ್ ಮೇಲೇ ಇದೆ, ತುಮಕೂರಲ್ಲಿ ಯಾರಾದ್ರೂ ಅಂಥದ್ದೇ ಕರಿ ಸ್ಲೀವ್ ಹಾಕ್ಸಿದ್ರೆ ಇವತ್ತೇ ಪೇಂಟ್ ಉಜ್ಜಿ ನೋಡಿ, ಬೇಕಂದ್ರೆ ನಂದನ್ನ ಬಂದು ಪಕ್ಕದಲ್ಲಿಟ್ಟು ನೋಡ್ಕೊಳ್ಳಿ.